ಚೆಂಬು ಒಳಗೆ ಹೋಯ್ತು, ಬರಿದಾಗಿ ಬಂತು

ನನ್ನ ಮಗಳ ಮಗಳು ಬೇಲೂರಿನ ಕಾಲೇಜಿಗೆ ಹೋಗುತ್ತಾಳೆ, ಈ ವರ್ಷ ಒಂದು ಕತೆ ಬರೆದಳು. ಕಾಲೇಜಿನವರು ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕಿಸುತ್ತಾರಂತೆ, ಅದಕ್ಕೆ. ಕೊಡೋ ಮುಂಚೆ ನನ್ನ ಮುಂದೆ ಓದಿದಳು. ನಾನು ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನಾನು ಓದಿರೋದು ಮೂರನೇ ಕ್ಲಾಸು. ಕತೆ ಚೆನ್ನಾಗಿದೆಯೋ ಇಲ್ಲವೋ ಹೇಳುವಷ್ಟು ನನಗೆ ತಿಳಿಯದು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅದಕ್ಕೇ ನನಗೆ ಓದಿದ್ದು.

ಕತೆ ಮುಂದೆ ಯಾವತ್ತೋ ಬರೋ ಕಾಲದ್ದು. ಒಂದು ಪಟ್ಟಣ. ಅದನ್ನು ಆಳೋದು ರಾಜನೂ ಅಲ್ಲ, ಮಂತ್ರಿಯೂ ಅಲ್ಲ, ಒಂದು ಕಂಪ್ಯೂಟರು. ಅದಕ್ಕೆ ತನ್ನದೇ ಬುದ್ಧಿ. ಯಾರೂ ಹೇಳಿಕೊಡಬೇಕಾಗಿಲ್ಲ, ತಾನೇ ಯೋಚನೆ ಮಾಡುತ್ತೆ. ಬೀದಿಬೀದಿಯಲ್ಲೂ ಮನೆಮನೆಯಲ್ಲೂ ಅದರ ಕಣ್ಣು. ದಿನಾ ಬೆಳಿಗ್ಗೆ ಎಲ್ಲರ ಬಾಗಿಲ ಮೇಲೂ ಒಂದೊಂದು ಅಂಕಿ ಕೆಂಪಗೆ ಹತ್ತಿಕೊಳ್ಳುತ್ತೆ. ಅಂಕಿ ಮೇಲಿದ್ದರೆ ಒಳ್ಳೆಯವರು. ಕೆಳಗೆ ಬಿದ್ದರೆ ಬಸ್ಸಿಗೆ ಹತ್ತಿಸಲ್ಲ, ಅಂಗಡಿ ಬಾಗಿಲು ತೆರೆಯಲ್ಲ, ಅಂಥವರನ್ನು ಮಾತಾಡಿಸಿದವರ ಅಂಕಿಯೂ ಇಳಿಯುತ್ತೆ. ಆ ಪಟ್ಟಣದಲ್ಲಿ ಒಬ್ಬ ಹೆಂಗಸು. ಒಂದು ದಿನ ಅವಳ ಅಂಕಿ ಬಿದ್ದುಹೋಗುತ್ತೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ಕೇಳೋಣ ಅಂದರೆ ಕೇಳೋಕೆ ಅಲ್ಲಿ ಮನುಷ್ಯರೇ ಇಲ್ಲ.

ಓದಿ ಮುಗಿಸಿ, ಹೇಗಿದೆ ಅಜ್ಜಿ, ಭಯ ಆಯ್ತಾ ಅಂದಳು.

ಭಯ ಆಗಲಿಲ್ಲ. ನಾಚಿಕೆ ಆಯಿತು. ತಲೆ ಎತ್ತದೆ, "ಅವಳ ಮೇಲೆ ಚಾಡಿ ಹೇಳಿದೋರು ಯಾರು?" ಅಂತ ಕೇಳಿದೆ.

"ಯಾರೂ ಇಲ್ಲ ಅಜ್ಜಿ. ಯಂತ್ರನೇ ಎಲ್ಲಾ ನೋಡುತ್ತೆ. ಮನುಷ್ಯರು ಬೇಕಾಗಿಲ್ಲ ಅನ್ನೋದೇ ಕತೆ."

"ಬೇಕು ಕಣೇ," ಅಂದೆ.

ಯಾಕೆ ಅಂತ ಕೇಳಿದಳು. ಅವರೆಕಾಯಿ ಸಿಪ್ಪೆ ಬಾಚಿಕೊಂಡು ಹಿತ್ತಲಿಗೆ ಹೋದೆ. ಅವತ್ತು ಹೇಳಲಿಲ್ಲ.

ನಮ್ಮೂರು ಹಗರೆಯಿಂದ ಒಳಕ್ಕೆ ಎರಡು ಮೈಲಿ. ರಾಗಿ, ಒಂದಿಷ್ಟು ತೆಂಗು, ಮನೆಗೊಂದೆರಡು ಹಸು. ಬೆಳಿಗ್ಗೆ ಸಂಜೆ ಹಾಲು ಡೈರಿಗೆ. ಮೊದಲೆಲ್ಲ ಡೈರಿ ಸೆಕ್ರೆಟರಿ ಒಂದು ಗಾಜಿನ ಕಡ್ಡಿಯನ್ನು ಹಾಲಿಗೆ ಬಿಡುತ್ತಿದ್ದ. ನೀರು ಬೆರೆಸಿದ್ದರೆ ಕಡ್ಡಿ ಕೆಳಗೆ ಇಳಿಯುತ್ತಿತ್ತು. ಅವನು ಒಂದು ಸಲ ಮುಖ ನೋಡುತ್ತಿದ್ದ, ನೀರು ಹಾಕಿದವರು ಮಾರನೇ ದಿನದಿಂದ ಸರಿಹೋಗುತ್ತಿದ್ದರು. ಅಲ್ಲಿಗೆ ಮುಗಿಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಯಂತ್ರ ಬಂತು. ಜೀಪಿನಲ್ಲಿ ತಂದು ಮೇಜಿನ ಮೇಲೆ ಇಟ್ಟು, ಹೂ ಹಾಕಿ, ಕಾಯಿ ಒಡೆದರು. ಒಂದು ಕೊಳವೆ ಹಾಲು ಹೀರುತ್ತಿತ್ತು, ಗುಂಯ್ ಅನ್ನುತ್ತಿತ್ತು, ಆಮೇಲೆ ಕೆಂಪು ಅಂಕಿ ಹತ್ತುತ್ತಿತ್ತು. ಮೂರೂವರೆ ಮೇಲೆ ಬಂದರೆ ಒಳ್ಳೆ ಹಾಲು. ಅಂಕಿಯನ್ನು ಬಾಗಿಲ ಪಕ್ಕದ ಕರಿ ಹಲಗೆ ಮೇಲೆ ಹೆಸರಿನ ಎದುರು ಬರೆಯುತ್ತಿದ್ದರು. ಸಾಲಿನಲ್ಲಿ ನಿಂತವರೆಲ್ಲ ಓದುತ್ತಿದ್ದೆವು. ಓದು ಬರದವರೂ ಅಂಕಿ ಮಾತ್ರ ಕಲಿತುಬಿಟ್ಟರು. ನಿಮ್ಮದೆಷ್ಟು, ನಮ್ಮದೆಷ್ಟು. ನನ್ನದು ಯಾವಾಗಲೂ ನಾಲ್ಕರ ಹತ್ತಿರ. ನನಗೆ ಜಂಬ ಬಂತು. ಹಸು ಕೊಟ್ಟ ಹಾಲಿಗೆ ನನಗೇತಕ್ಕೆ ಜಂಬವೋ.

ಗಾಜಿನ ಕಡ್ಡಿಯನ್ನು ಒರೆಸಿ ಕಪಾಟಿಗೆ ಸೇರಿಸಿದರು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಆ ಯಂತ್ರ ತೋರಿಸುತ್ತಿದ್ದುದು ಹಾಲಿನ ಜಿಡ್ಡು, ಅಷ್ಟೇ. ನೀರು ಅಂತ ಅದು ಯಾವತ್ತೂ ಹೇಳಲಿಲ್ಲ. ಹೇಳಿದ್ದು ನಾವು.

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಸಂಸಾರ ಇತ್ತು. ಗಂಡ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ವಾರಕ್ಕೊಂದು ಸಲ ಬರುತ್ತಿದ್ದ. ಅವಳಿಗೆ ಮೂವತ್ತೋ ಮೂವತ್ತೆರಡೋ. ನನಗಿಂತ ಎಷ್ಟೋ ಚಿಕ್ಕವಳು, ಅಕ್ಕ ಅನ್ನುತ್ತಿದ್ದಳು. ಅವಳಿಗೆ ಇದ್ದಿದ್ದು ಒಂದೇ ಸೀಮೆ ಹಸು. ಹಿಂದಿನ ಸೂಲಿನಲ್ಲಿ ಡೈರಿ ಆಸೆಗೆ ಪೂರ್ತಿ ಹಿಂಡಿ ಹಿಂಡಿ, ಕರು ಹೊಟ್ಟೆ ಬೆನ್ನಿಗಂಟಿ ಸತ್ತುಹೋಯಿತು. ಅದನ್ನು ಎಳೆದು ಹಾಕೋಕೆ ಕೈ ಜೋಡಿಸಿದವಳು ನಾನೇ. ಅವತ್ತು ಅವಳು ಹಸುವಿನ ಹಣೆ ಮುಟ್ಟಿ ಹೇಳಿದಳು, ಇನ್ನು ಮೇಲೆ ಕಡೆ ಹಾಲು ನಿನ್ನ ಕರುವಿಗೇ ಅಂತ. ಹಾಗೇ ನಡೆದುಕೊಂಡಳು. ಕೆಚ್ಚಲಲ್ಲಿ ಇನ್ನೂ ಹಾಲು ಇರುವಾಗಲೇ ಎದ್ದು ಕರು ಬಿಡುತ್ತಿದ್ದಳು.

ಹಸು ಕರೆದವರಿಗೆಲ್ಲ ಗೊತ್ತು. ಮೊದಲ ಹಾಲು ನೀರು ನೀರು, ಕಡೆ ಹಾಲೇ ಗಟ್ಟಿ. ಕೆನೆ ಎಲ್ಲಾ ಕೊನೆಯ ನಾಲ್ಕು ಹಿಂಡಿನಲ್ಲಿ. ನಮ್ಮೂರಲ್ಲಿ ಎಂಟು ವರ್ಷದ ಹುಡುಗಿಗೂ ಇದು ಗೊತ್ತು. ಅವಳು ಆ ಕೆನೆಯನ್ನು ಕರುವಿಗೆ ಬಿಟ್ಟು ಮಿಕ್ಕಿದ್ದನ್ನು ಡೈರಿಗೆ ತರುತ್ತಿದ್ದಳು. ಯಂತ್ರ ಮೂರಕ್ಕಿಂತ ಕೆಳಗೆ ತೋರಿಸಿತು. ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ ಅಷ್ಟೇ. ಹಲಗೆಯಲ್ಲಿ ಎಲ್ಲರಿಗಿಂತ ಕೆಳಗೆ ಅವಳ ಅಂಕಿ. ಸಾಲಿನಲ್ಲಿ ಯಾರೋ, ಬಾವಿ ಹತ್ತಿರ ಇರೋ ಮನೆ ಅಲ್ವಾ ಅಂದರು. ನಕ್ಕರು. ನಾನೂ ನಕ್ಕೆ.

ಕರುವಿಗೆ ಬಿಡ್ತೀನಿ, ಅದಕ್ಕೇ ಅಂತ ಅವಳು ಸೆಕ್ರೆಟರಿಗೆ ಹೇಳಿದಳು. ಎಲ್ಲರ ಮನೇಲೂ ಕರು ಐತೆ, ಅವರ ಅಂಕಿ ಯಾಕೆ ಬೀಳಲ್ಲ ಅಂದ ಅವನು. ಇನ್ನೊಬ್ಬರು ಆಗಿದ್ದರೆ ಎರಡು ದಿನ ಪೂರ್ತಿ ಹಿಂಡಿ ತಂದು ತೋರಿಸುತ್ತಿದ್ದರು. ಇವಳು ಮುಟ್ಟಿ ಮಾತು ಕೊಟ್ಟಿದ್ದವಳು. ಹಿಂಡಲಿಲ್ಲ.

ಸೆಕ್ರೆಟರಿ ನನ್ನನ್ನು ಕರೆದ. ನಿಮ್ಮ ಹಿತ್ತಲ ಗೋಡೆ ಅವರ ಕೊಟ್ಟಿಗೆಗೆ ಅಂಟಿಕೊಂಡಿದೆ, ಒಂದು ಹದಿನೈದು ದಿನ ಕಣ್ಣಿಟ್ಟಿರಿ, ನೀರು ಹಾಕ್ತಾಳೋ ಇಲ್ಲವೋ ನೋಡಿ ಹೇಳಿ ಅಂದ. ಯಂತ್ರ ಹೇಳಿದ್ದು ಸಾಕಾಗಲಿಲ್ಲ ನೋಡಿ. ಅದಕ್ಕೂ ಒಬ್ಬ ಹೆಂಗಸು ಬೇಕಾಗಿತ್ತು. ಮುಂದಿನ ಸಲ ಡೈರಿ ಕಮಿಟಿಗೆ ಒಬ್ಬ ಹೆಣ್ಣುಮಗಳು ಬೇಕು, ನಿಮ್ಮ ಹೆಸರೇ ಇದೆ ಅಂತಲೂ ಅಂದ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ನಾನು ಒಪ್ಪಿಕೊಂಡೆ.

ಅವಳಿಗೂ ನನಗೂ ಜಗಳ ಇರಲಿಲ್ಲ. ಇದ್ದಿದ್ದರೆ ವಾಸಿ ಇತ್ತು, ಜಗಳಕ್ಕೆ ಹೇಳಿದೆ ಅಂತಾದರೂ ಅಂದುಕೊಳ್ಳಬಹುದಿತ್ತು.

ಗೋಡೆಯಲ್ಲಿ ಒಂದು ಕಲ್ಲು ಬಿದ್ದುಹೋಗಿ ಸಂದಿ ಆಗಿತ್ತು. ಅದಕ್ಕೆ ಬಟ್ಟೆ ತುರುಕಿದ್ದೆ. ಬಟ್ಟೆ ಕಿತ್ತೆ. ಒರಳುಕಲ್ಲಿನ ಮೇಲೆ ಕೂತರೆ ಸರಿಯಾಗಿ ಕಣ್ಣಿನ ಎತ್ತರಕ್ಕೆ ಬರುತ್ತಿತ್ತು. ಬೆಳಿಗ್ಗೆ ಬಿಸಿಲು ಮೂಡೋ ಹೊತ್ತಿಗೆ ಅವಳು ಕೊಟ್ಟಿಗೆಗೆ ಬರುತ್ತಿದ್ದಳು. ಕೈಯಲ್ಲಿ ಒಂದು ಚೆಂಬು ನೀರು. ಆ ನೀರಲ್ಲಿ ಕೆಚ್ಚಲು ತೊಳೆದು, ಸೆರಗಲ್ಲಿ ಒರೆಸಿ, ಬರಿ ಚೆಂಬನ್ನು ಬೋರಲು ಹಾಕಿ, ಆಮೇಲೆ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದಳು. ಊರಲ್ಲಿ ಎಲ್ಲರೂ ಹಾಗೇ ಮಾಡೋದು. ನಾನೂ ಹಾಗೇ. ಕರೆದು, ಇನ್ನೂ ಇರುವಾಗಲೇ ಎದ್ದು ಕರು ಬಿಚ್ಚುತ್ತಿದ್ದಳು. ಅದು ಬಾಯಿ ನೊರೆ ಮಾಡಿಕೊಂಡು ಕುಡಿಯುತ್ತಿತ್ತು.

ಮೂರು ದಿನ ಆದ ಮೇಲೆ ಕರುವಿನ ಗೂಟ ಜಾಗ ಬದಲಾಗಿತ್ತು. ಮೊದಲು ಮೂಲೆಯಲ್ಲಿತ್ತು, ಈಗ ಸಂದಿಗೆ ನೇರಕ್ಕೆ ಬಂದಿತ್ತು. ಕೆಸರಾಗಿರಬೇಕು ಅಂದುಕೊಂಡೆ.

ಹದಿನೈದು ದಿನ ನೋಡಿದೆ. ಬಕೆಟ್ಟಿಗೆ ಒಂದು ತೊಟ್ಟು ನೀರು ಬಿದ್ದಿದ್ದು ನಾನು ನೋಡಲಿಲ್ಲ. ನಿಜ ಹೇಳಬೇಕು ಅಂದರೆ, ಬೀಳಲಿ ಅಂತ ಕಾಯುತ್ತಿದ್ದೆ. ಬರಿಗೈಲಿ ಹೋಗಿ ಏನೂ ಇಲ್ಲ ಅಂದರೆ ನನ್ನನ್ನು ಯಾರು ಕಮಿಟಿಗೆ ಹಾಕ್ತಾರೆ.

ಮೀಟಿಂಗು ಡೈರಿ ಜಗುಲಿಯಲ್ಲಿ, ಬೆಳಗಿನ ಹಾಲು ಹಾಕಿದ ಮೇಲೆ. ಎಲ್ಲರೂ ಕ್ಯಾನು ಕೈಯಲ್ಲೇ ಹಿಡಿದು ನಿಂತಿದ್ದರು. ನನಗೆ ಕುರ್ಚಿ ಹಾಕಿದರು. ಸೆಕ್ರೆಟರಿ ಪುಸ್ತಕ ಬಿಚ್ಚಿ ಪೆನ್ನು ಹಿಡಿದ. ನನ್ನ ಜೀವಮಾನದಲ್ಲಿ ನಾನು ಆಡಿದ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

"ಕೊಟ್ಟಿಗೆಗೆ ನೀರು ತಗೊಂಡು ಹೋಗ್ತಿದ್ಲಾ?"

"ದಿನಾ ಒಂದು ಚೆಂಬು," ಅಂದೆ.

"ಚೆಂಬು ವಾಪಸ್ ಹೆಂಗೆ ಬತ್ತಿತ್ತು?"

"ತುಂಬಿ ಒಳಗೆ ಹೋಯ್ತು, ಬರಿದಾಗಿ ಬಂತು."

ಅಷ್ಟೇ ನಾನು ಹೇಳಿದ್ದು. ಒಂದಕ್ಷರ ಸುಳ್ಳಿಲ್ಲ. ಅವಳು ಕಂಬದ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದ ನೋಡಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಮಕ್ಕಳು ಮಗ್ಗಿ ಒಪ್ಪಿಸುವಾಗ ತಾಯಂದಿರು ನೋಡುತ್ತಾರಲ್ಲ, ಮುಂದಿಂದು ಹೇಳು ಹೇಳು ಅಂತ, ಹಾಗೆ. ನಾನು ಮುಂದಿಂದು ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದೀನಿ, ಕರುವಿನ ಮಾತು ಯಾರೂ ಕೇಳಲಿಲ್ಲವಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸೆರಗು ಸರಿ ಮಾಡಿಕೊಂಡೆ. ಅಲ್ಲಿ ಇಪ್ಪತ್ತು ಜನ ಹೆಂಗಸರು ಇದ್ದರು. ಎಲ್ಲರೂ ಅವತ್ತು ಬೆಳಿಗ್ಗೆ ಒಂದು ಚೆಂಬು ನೀರಲ್ಲಿ ಕೆಚ್ಚಲು ತೊಳೆದು ಬಂದವರೇ. ಒಬ್ಬರೂ ಬಾಯಿ ಬಿಡಲಿಲ್ಲ.

ಅವಳ ಹಾಲು ನಿಲ್ಲಿಸಿದರು. ಹಲಗೆ ಮೇಲೆ ಹೆಸರು ಬಿಟ್ಟು ಅಂಕಿ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು. ಮಾರನೇ ದಿನವೂ ಅವಳು ಕ್ಯಾನು ಹಿಡಿದು ಬಂದು ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಸೆಕ್ರೆಟರಿ ಹಿಂದಿನವರ ಕ್ಯಾನಿಗೆ ಕೈ ಚಾಚಿದ. ತುಂಬಿದ ಕ್ಯಾನು ಹಿಡಿದು ಇಡೀ ಬೀದಿ ನಡೆದು ಮನೆಗೆ ಹೋದಳು. ಮೂರು ದಿನ ಹಾಗೇ ಬಂದಳು, ನಾಲ್ಕನೇ ದಿನ ಬರಲಿಲ್ಲ. ಊರು ಅವಳಿಗೆ ನೀರವ್ವ ಅಂತ ಹೆಸರಿಟ್ಟಿತು. ಬಾವಿ ಹತ್ತಿರ ಅವಳು ಬಂದರೆ, ನಿಧಾನವಾಗಿ ಸೇದವ್ವ, ಡೈರಿಗೂ ಬೇಕಲ್ಲ ಅನ್ನೋರು. ನನ್ನ ಎದುರಿಗೇ ಅನ್ನೋರು. ಅವಳು ಆಮೇಲೆ ಬಿಸಿಲು ನೆತ್ತಿಗೆ ಬಂದು ಬಾವಿಕಟ್ಟೆ ಖಾಲಿ ಆದ ಮೇಲೆ ನೀರಿಗೆ ಬರೋಕೆ ಶುರು ಮಾಡಿದಳು.

ಎರಡು ತಿಂಗಳಿಗೆ ಹಸು ಕರು ಮಾರಿ, ಗಂಡನ ಹತ್ತಿರ ಅರಸೀಕೆರೆಗೆ ಹೋದಳು. ಹಸು ಕೊಂಡಿದ್ದು ನಮ್ಮ ಯಜಮಾನರು. ಗೋಡೆ ಆಚೆಯಿಂದ ಈಚೆಗೆ ಬಂತು, ಅಷ್ಟೇ ದೂರ.

ನಮ್ಮ ಹಸುವಿನ ಹಾಲು ಆಗ ಬತ್ತಿತ್ತು, ಇದನ್ನು ನಾನು ಪೂರ್ತಿ ಹಿಂಡಿದೆ. ಡೈರಿಯಲ್ಲಿ ಅಂಕಿ ನಾಲ್ಕು ದಾಟಿತು. ಸೆಕ್ರೆಟರಿ ಎದ್ದು ನಿಂತು ಸಾಲಿಗೆಲ್ಲ ಕೇಳೋ ಹಾಗೆ ಹೇಳಿದ, ನೋಡ್ರಪ್ಪ, ಅದೇ ಹಸು, ಕೈ ಬದಲಾಗೈತೆ ಅಷ್ಟೇ ಅಂತ. ಅವಳು ತಪ್ಪಿತಸ್ಥೆ ಅನ್ನೋದಕ್ಕೆ ನನ್ನ ಕ್ಯಾನೇ ಸಾಕ್ಷಿ ಆಯಿತು. ನಾನು ಖಾಲಿ ಕ್ಯಾನು ತಗೊಂಡು ಬಂದೆ.

ಒಂದು ವಾರ ಬಿಟ್ಟು, ಒಂದು ದಿನ ಅವಳ ಹಾಗೆ ಮಾಡಿದೆ. ಕಡೆ ಹಾಲು ಕರುವಿಗೆ ಬಿಟ್ಟೆ. ಅಂಕಿ ಎರಡು ಚಿಲ್ಲರೆಗೆ ಬಿತ್ತು. ಸೆಕ್ರೆಟರಿ ಯಂತ್ರದ ಬೆನ್ನು ತಟ್ಟಿ, ಇವತ್ತು ಕರೆಂಟು ಸರಿ ಇಲ್ಲ ಅಂತ ಹೇಳಿ, ಹಲಗೆ ಮೇಲೆ ನೆನ್ನೆಯ ಅಂಕಿಯನ್ನೇ ಬರೆದ. ಅವಳ ಹಾಲಿಗೆ ಆ ಯಂತ್ರ ಒಂದು ದಿನವೂ ತಪ್ಪಿರಲಿಲ್ಲ. ನನ್ನ ಹಾಲಿಗೆ ತಪ್ಪಿತು.

ಸಾಲು ಕರಗಿದ ಮೇಲೆ ನಾನು ಅವನಿಗೆ ಹೇಳಿದೆ, ಕರೆಂಟಲ್ಲ, ಕರುವಿಗೆ ಬಿಟ್ಟಿದ್ದೆ ಅಂತ. ಕಪಾಟಿನಲ್ಲಿರೋ ಗಾಜಿನ ಕಡ್ಡಿ ಬಿಟ್ಟು ನೋಡು, ನೀರಿಲ್ಲ ಅಂತ ತೋರಿಸುತ್ತೆ ಅಂತಲೂ ಹೇಳಿದೆ. ಅವನು ಪುಸ್ತಕ ಬಿಚ್ಚಿದ.

"ಯಂತ್ರ ಒಂದು ಹೇಳ್ತು, ನೀವೂ ಅದನ್ನೇ ಹೇಳಿದ್ರಿ. ಈಗ ಯಾರು ಸುಳ್ಳು ಅಂತ ಬರೀಲಿ? ನೀವೇ ಹೇಳಿ, ಬರ್ಕಂತೀನಿ."

ಅವನು ಕೆಟ್ಟವನಲ್ಲ. ಪೆನ್ನು ಹಿಡಿದು ಕಾದ. ನಾನು ಮನೆಗೆ ಬಂದೆ. ಮರುದಿನದಿಂದ ಪೂರ್ತಿ ಹಿಂಡಿದೆ. ಆ ಕರು ಬೇಸಿಗೆ ದಾಟಲಿಲ್ಲ. ಕಮಿಟಿಯಲ್ಲಿ ಐದು ವರ್ಷ ಇದ್ದೆ. ಕಾಫಿ ಕೊಡೋರು. ಗೋಡೆಯ ಸಂದಿಗೆ ಮಣ್ಣು ಮೆತ್ತಿಸಿದೆ.

ಮೊಮ್ಮಗಳು ಆ ಕತೆ ಓದಿದ್ದು ಇದೆಲ್ಲ ಆಗಿ ಏಳೆಂಟು ವರ್ಷಕ್ಕೆ. ಅವಳ ಕತೆಯ ಹೆಂಗಸಿಗೆ ಮುಖ ಇರಲಿಲ್ಲ. ನನಗೆ ಮಾತ್ರ ಕಂಡಿತು, ಕಂಬದ ಹತ್ತಿರ ಬಾಯಿ ತೆರೆದು ನಿಂತ ಹಾಗೆ. ನಾಲ್ಕು ದಿನ ಅನ್ನ ಸೇರಲಿಲ್ಲ ಅಂತೆಲ್ಲ ಹೇಳಲ್ಲ. ಅನ್ನ ಸೇರಿತು. ಆದರೆ ಐದನೇ ದಿನ ಹಳೇಬೀಡಿಗೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಅರಸೀಕೆರೆಗೆ ಹೋದೆ. ಕೊಬ್ಬರಿ ಮಂಡಿಗಳಲ್ಲಿ ಕೇಳಿಕೊಂಡು ಹೋಗಿ ಮೂರನೇ ಕಡೆ ಸಿಕ್ಕಳು. ಹೆಂಗಸರ ಸಾಲಿನಲ್ಲಿ ಕೂತು ಉಂಡೆ ಕೊಬ್ಬರಿ ಆರಿಸುತ್ತಿದ್ದಳು, ಒಳ್ಳೇದು ಒಂದು ಕಡೆ, ಕೆಟ್ಟಿದ್ದು ಒಂದು ಕಡೆ. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು. ಬನ್ನಿ ಅಕ್ಕ ಅಂದು ಒಂದು ಖಾಲಿ ಚೀಲ ಮಡಿಸಿ ಹಾಕಿದಳು.

ಮೊದಲು ಕೇಳಿದ್ದು ಕರುವಿನ ವಿಷಯ. ಅದು ಈಗ ಎಷ್ಟು ಕರು ಹಾಕಿರಬೇಕು ಅಂತ. ಅದು ಆ ಬೇಸಿಗೆಗೇ ಸತ್ತಿತು ಅಂದೆ. ಕೈಯಲ್ಲಿದ್ದ ಕೊಬ್ಬರಿಯನ್ನು ಯಾವ ಕಡೆಗೂ ಹಾಕದೆ ಹಾಗೇ ಹಿಡಿದುಕೊಂಡಳು. ಯಾಕೆ ಅಂತ ಕೇಳಲಿಲ್ಲ. ಅವಳಿಗೆ ಕೇಳಬೇಕಾಗಿಯೂ ಇರಲಿಲ್ಲ.

ನಾನು ಸುತ್ತಿ ಬಳಸಲಿಲ್ಲ. "ಹದಿನೈದು ದಿನ ಗೋಡೆ ಸಂದೀಲಿ ಕೂತು ನಿನ್ನ ನೋಡಿದ್ದೆ ಕಣವ್ವ. ನೀನು ನೀರು ಹಾಕಲಿಲ್ಲ. ನಂಗೆ ಗೊತ್ತಿತ್ತು," ಅಂದೆ.

"ನೀವು ಕೂತಿದ್ದು ನಂಗೂ ಗೊತ್ತಿತ್ತು," ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಕೊಬ್ಬರಿ ಆರಿಸುತ್ತಲೇ ಹೇಳಿದಳು.

"ನಿಮ್ಮ ಮೂಗುಬೊಟ್ಟು ಬಿಸಿಲಿಗೆ ಹೊಳೀತಿತ್ತಕ್ಕ. ಎರಡನೇ ದಿನಾನೇ ಕಂಡೆ. ಮೊದಲು ಸಿಟ್ಟು ಬಂತು. ಆಮೇಲೆ ಒಳ್ಳೇದೇ ಆಯ್ತು ಅಂದ್ಕಂಡೆ. ಯಂತ್ರಕ್ಕೆ ಕಣ್ಣಿಲ್ಲ, ಅಕ್ಕಂಗೆ ಐತೆ. ನೋಡಿದೋರು ಒಬ್ರು ಅವ್ರೆ, ನಾಕು ಜನದ ಮುಂದೆ ಹೇಳ್ತಾರೆ ಅಂತ ಧೈರ್ಯ ಬಂತು. ಕರು ಮೂಲೇಲಿದ್ರೆ ನಿಮಗೆ ಕಾಣಕಿಲ್ಲ ಅಂತ ಗೂಟನ ಈಚೆಗೆ ಹಾಕಿದ್ದೆ."

ಪಕ್ಕದಲ್ಲಿ ಕೂತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ನನ್ನ ಕಣ್ಣು ತನ್ನ ಪರವಾಗಿ ನೋಡುತ್ತಿದೆ ಅಂತ ಅವಳು ನಂಬಿದ್ದಳು. ಮೀಟಿಂಗಿನಲ್ಲಿ ಅವಳು ನನ್ನ ಮುಖ ನೋಡಿದ್ದು ಅದಕ್ಕೆ.

ಆಮೇಲೆ ಏನು ಮಾಡಲಿ ಅಂತ ಕೇಳಿದೆ. ಕಾಲಿಗೆ ಬೀಳ್ತೀನಿ ಅಂತ ನಾನು ಹೋಗಿರಲಿಲ್ಲ, ಬಿದ್ದರೆ ಅವಳೂ ಬೀಳಿಸಿಕೊಳ್ಳುತ್ತಿರಲಿಲ್ಲ.

"ನಂಗೇನೂ ಬ್ಯಾಡ," ಅಂದಳು. "ಎಲ್ಲಿ ಕೂತು ಅರ್ಧ ಹೇಳಿದ್ರೋ, ಅಲ್ಲೇ ನಿಂತು ಮಿಕ್ಕಿದ್ದು ಹೇಳಿ. ಹೇಳಿ, ಬಂದು ತಿಳಿಸಿ."

ಸಂಜೆ ಬಸ್ಸಿಗೆ ವಾಪಸ್ ಬಂದೆ. ಮಾರನೇ ದಿನ ಬೆಳಿಗ್ಗೆ ಡೈರಿ ಸಾಲಿನಲ್ಲಿ ನನ್ನ ಸರದಿ ಬಂದಾಗ ಕ್ಯಾನು ಕೊಡದೆ ಜನದ ಕಡೆ ತಿರುಗಿದೆ. ಮಿಕ್ಕಿದ್ದು ಹೇಳಿದೆ. ಚೆಂಬಿನ ನೀರಲ್ಲಿ ಕೆಚ್ಚಲು ತೊಳೆದಳು, ಬಕೆಟ್ಟಿಗೆ ಒಂದು ತೊಟ್ಟು ಬೀಳಲಿಲ್ಲ, ಕಡೆ ಹಾಲು ಕರು ಕುಡಿಯಿತು, ಹದಿನೈದು ದಿನವೂ ನಾನು ಕಣ್ಣಾರೆ ನೋಡಿದ್ದೆ, ಹೇಳದೆ ಮುಚ್ಚಿಟ್ಟೆ ಅಂತ.

ಹಳೇ ಸೆಕ್ರೆಟರಿ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಇರೋನು ಹೊಸಬ, ಯಂತ್ರವೂ ಹೊಸದು, ಅಂಕಿಯನ್ನು ಅದೇ ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತೆ. ಅವನು, ಯಾರ ವಿಷಯ ಅಜ್ಜಿ, ಕ್ಯಾನು ಕೊಡಿ ಹೊತ್ತಾಯ್ತು ಅಂದ. ಚಿಕ್ಕ ವಯಸ್ಸಿನವರು ಮುಖ ಮುಖ ನೋಡಿಕೊಂಡರು. ನನ್ನ ಹಿಂದೆ ನಿಂತಿದ್ದವಳು, ನನ್ನ ವಯಸ್ಸಿನವಳೇ, ಅವತ್ತಿನ ಇಪ್ಪತ್ತು ಜನದಲ್ಲಿ ಒಬ್ಬಳು, ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮೆತ್ತಗೆ ಹೇಳಿದಳು.

"ಅದು ನಮಗೆಲ್ಲ ಆಗ್ಲೇ ಗೊತ್ತಿತ್ತಲ್ವೇನಕ್ಕ. ನೀವೇ ಹಂಗೆ ಹೇಳಿದ ಮೇಲೆ ನಾವ್ಯಾಕೆ ಅಂತ ಸುಮ್ಮನಿದ್ವಿ."

ಸಾಲು ಮುಂದಕ್ಕೆ ಹೋಯಿತು. ಯಂತ್ರ ನನ್ನ ಹಾಲು ಹೀರಿ, ಒಳ್ಳೆ ಹಾಲು ಅಂತ ಚೀಟಿ ಕೊಟ್ಟಿತು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ, ನಿನ್ನ ಕತೆಯಲ್ಲಿ ಒಂದು ಗೋಡೆ ಸಂದಿ ಇಟ್ಟು ಅಲ್ಲಿ ಒಬ್ಬಳನ್ನ ಕೂರಿಸು, ಇಲ್ಲದಿದ್ದರೆ ಆ ಯಂತ್ರ ಒಂದು ದಿನವೂ ನಡೆಯಲ್ಲ ಅಂದೆ. ಕತೆ ಆಗಲೇ ಅಚ್ಚಿಗೆ ಹೋಗಿತ್ತು.

ಅರಸೀಕೆರೆಗೆ ನಾನು ಇನ್ನೂ ಮತ್ತೆ ಹೋಗಿಲ್ಲ. ಬಂದು ತಿಳಿಸಿ ಅಂದಿದ್ದಳು. ಕಾಲು ನೋವು ಅಂತ ಒಂದು ತಿಂಗಳು ತಳ್ಳಿದೆ, ರಾಗಿ ಕೊಯ್ಲು ಅಂತ ಇನ್ನೊಂದು ತಿಂಗಳು. ಬಸ್ಸು ದಿನಾ ಇದೆ. ಹೋದರೆ, ಹೇಳಿದೆ ಅನ್ನಬಹುದು. ಜನ ಏನಂದರು ಅಕ್ಕ ಅಂತ ಅವಳು ಕೇಳುತ್ತಾಳೆ. ಎಲ್ಲರಿಗೂ ಆವತ್ತೇ ಗೊತ್ತಿತ್ತಂತೆ ಅಂತ ಹೇಳಬೇಕು.